ಕುರ್ಚಿಯ ಕಾಲು ಯಾರ ನೆಲದ ಮೇಲಿದೆ? ವಸತಿ ಓಣಿಗಳಲ್ಲಿ ಹೊರಗೆ ಕೂತು ಉಣ್ಣುವ ಹೋಟೆಲ್‌ಗಳ ಸಂಗತಿ

ಸಂಜೆ ಏಳರ ಹೊತ್ತಿಗೆ ಧಾರವಾಡದ ನಮ್ಮ ಓಣಿಯ ತಿರುವಿನಲ್ಲಿ ಒಬ್ಬ ಹುಡುಗ ನೀಲಿ ಪ್ಲಾಸ್ಟಿಕ್ ಕುರ್ಚಿಗಳ ಒಟ್ಟಿಲನ್ನು ಎದೆಗವಚಿಕೊಂಡು ಹೊರಗೆ ಬರುತ್ತಾನೆ. ಮೊದಲಿನ ನಾಲ್ಕು ಕುರ್ಚಿಗಳು ಕಾಂಪೌಂಡಿನ ಒಳಗೆ, ನಂತರದ ನಾಲ್ಕು ಗಟಾರದ ಮೇಲೆ ಹಾಸಿದ ಪರ್ಸಿಕಲ್ಲುಗಳ ಮೇಲೆ, ಉಳಿದವು ಡಾಂಬರಿನ ಮೇಲೆ. ಮೂರು ವರ್ಷದ ಹಿಂದೆ ಆ ಮನೆಯ ಕೆಳಗಿನ ಅಂತಸ್ತಿನಲ್ಲಿ ಒಂದು ಸಂಸಾರ ಬಾಡಿಗೆಗೆ ಇತ್ತು. ಈಗ ಅಲ್ಲಿ ದೊಡ್ಡ ಒಲೆ, ಫ್ರಿಜ್ಜು ಮತ್ತು ಗಲ್ಲಾಪೆಟ್ಟಿಗೆ ಇವೆ. ಎಂಟಕ್ಕೆ ಮೇಜುಗಳು ತುಂಬುತ್ತವೆ, ಒಂಬತ್ತಕ್ಕೆ ಬೈಕುಗಳು ನಮ್ಮ ಗೇಟಿನವರೆಗೆ ಬರುತ್ತವೆ, ಕಳೆದ ತಿಂಗಳವರೆಗೂ ಹನ್ನೊಂದೂವರೆಗೆ ಅದೇ ಹುಡುಗ ಅದೇ ಕುರ್ಚಿಗಳನ್ನು ಡಾಂಬರಿನ ಮೇಲೆ ಎಳೆಯುತ್ತ ಒಳಗೆ ಒಯ್ಯುತ್ತಿದ್ದ.

ಹುಬ್ಬಳ್ಳಿಯ ವಿದ್ಯಾನಗರ, ಧಾರವಾಡದ ಸಪ್ತಾಪುರದಂತೆ ಕಾಲೇಜು, ತರಬೇತಿ ಕೇಂದ್ರ ಮತ್ತು ಪಿ.ಜಿ.ಗಳು ಒತ್ತೊತ್ತಾಗಿರುವ ಭಾಗಗಳಲ್ಲಿ ವಾಸಿಸುವವರಿಗೆ ಈ ನೋಟವನ್ನು ವರ್ಣಿಸಿ ಹೇಳಬೇಕಾಗಿಲ್ಲ. ಆದರೆ ಇದರ ಬಗ್ಗೆ ನೆರೆಯವರು ಮಾತಿಗೆ ಕೂತಾಗ ನಾಲ್ಕು ಬೇರೆ ಬೇರೆ ಸಂಗತಿಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಜಾಗ ಯಾರದು, ಸದ್ದು ಎಷ್ಟು, ಹೊಗೆ ಎಲ್ಲಿಗೆ, ದಾರಿ ಎಲ್ಲಿ ಎಂಬ ಈ ನಾಲ್ಕಕ್ಕೂ ಕಾನೂನು ಬೇರೆ, ಅಳತೆ ಬೇರೆ, ಕೇಳಬೇಕಾದ ಕಚೇರಿಯೂ ಬೇರೆ. ಅವನ್ನು ಬಿಡಿಸಿ ನೋಡುವುದು ಈ ಲೇಖನದ ಕೆಲಸ.

## ಮೂರು ಬಗೆಯ ಹೊರಗಿನ ಊಟ

ಹೊರಗೆ ಕೂತು ತಿನ್ನುವುದು ನಮ್ಮ ಭಾಗಕ್ಕೆ ಹೊಸದಲ್ಲ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಂಜೆ ನಿಂತು ಗಿರಮಿಟ್, ಮಿರ್ಚಿ ತಿನ್ನದೆ ಬೆಳೆದವರು ಕಡಿಮೆ. ಆದರೆ ದುರ್ಗದಬೈಲು ಪೇಟೆ. ಅಲ್ಲಿ ಗದ್ದಲವೆಂಬುದು ಜಾಗದ ಸ್ವಭಾವವೇ ಆಗಿದೆ. ನಾವು ಇಲ್ಲಿ ಮಾತನಾಡುತ್ತಿರುವುದು ಮನೆಗಳೇ ಹೆಚ್ಚಾಗಿರುವ ಓಣಿಯಲ್ಲಿ ಒಂದು ಅಥವಾ ಎರಡು ಹೋಟೆಲ್‌ಗಳು ತಮ್ಮ ಗಿರಾಕಿಗಳನ್ನು ಬಯಲಿನಲ್ಲಿ ಕೂರಿಸುವುದರ ಕುರಿತು.

ಇದರಲ್ಲಿ ಮೂರು ಬಗೆಗಳಿವೆ. ಒಂದು, ತಳ್ಳುಗಾಡಿ ಅಥವಾ ಸಣ್ಣ ಡಬ್ಬಿ ಅಂಗಡಿ ಇಟ್ಟು ವ್ಯಾಪಾರ ಮಾಡುವ ಬೀದಿ ವ್ಯಾಪಾರಿ. ಎರಡು, ತನ್ನದೇ ನಿವೇಶನದ ಮುಂದಿನ ಖುಲ್ಲಾ ಜಾಗದಲ್ಲಿ ಮೇಜು ಹಾಕಿದ ಹೋಟೆಲ್. ಮೂರು, ಕಟ್ಟಡದ ಒಳಗೆ ಅಡುಗೆಮನೆ ಇದ್ದು, ಗಿರಾಕಿಗಳನ್ನು ಸಾರ್ವಜನಿಕ ರಸ್ತೆಯ ಮೇಲೆ ಕೂರಿಸುವ ಹೋಟೆಲ್. ಗಿರಾಕಿಯ ಕಣ್ಣಿಗೆ ಮೂರೂ ಒಂದೇ ಬಗೆಯ ಕುರ್ಚಿ, ಒಂದೇ ಬಗೆಯ ತಟ್ಟೆ. ಕಾನೂನಿನ ಕಣ್ಣಿಗೆ ಮಾತ್ರ ಇವು ಮೂರು ಬೇರೆ ಪ್ರಾಣಿಗಳು.

ಬೀದಿ ವ್ಯಾಪಾರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ರಕ್ಷಣೆ ಇದೆ. ಆ ಕಾಯ್ದೆಯಂತೆ ಪ್ರತಿ ಊರಿನಲ್ಲಿ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರ ಸದಸ್ಯರಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ಬೀದಿ ವ್ಯಾಪಾರಿಗಳೇ ಇರಬೇಕು, ಸಮೀಕ್ಷೆ ಮಾಡಿ ಪ್ರಮಾಣಪತ್ರ ಕೊಡಬೇಕು, ಎಲ್ಲಿ ವ್ಯಾಪಾರ ಮಾಡಬಹುದು ಮತ್ತು ಎಲ್ಲಿ ಮಾಡಬಾರದು ಎಂಬ ವಲಯಗಳನ್ನು ಗುರುತಿಸಬೇಕು. ಅದಕ್ಕೂ ಮೊದಲು, 1989ರ ಸೋದನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬೀದಿ ವ್ಯಾಪಾರವನ್ನು ಸಂವಿಧಾನದ 19ನೇ ವಿಧಿಯ ವೃತ್ತಿ ಸ್ವಾತಂತ್ರ್ಯದೊಳಗೆ ಸೇರಿಸಿತ್ತು. ಸರ್ಕಾರ ಅದಕ್ಕೆ ಸೂಕ್ತ ಕಟ್ಟುಪಾಡು ಹಾಕಬಹುದು ಎಂದೂ ಹೇಳಿತ್ತು. ಈ ರಕ್ಷಣೆ ಬೀದಿಯೇ ಅಂಗಡಿಯಾಗಿರುವವನಿಗೆ ಸಲ್ಲುತ್ತದೆ. ಒಳಗೆ ಅಂಗಡಿ ಇಟ್ಟುಕೊಂಡು ಹೊರಗೆ ಹತ್ತು ಮೇಜು ಚಾಚಿದವನು ಆ ಮೇಜುಗಳ ಮಟ್ಟಿಗೆ ಬೀದಿ ವ್ಯಾಪಾರಿಯಾಗುವುದಿಲ್ಲ. ಗಾಡಿಯವನನ್ನು ಎತ್ತಂಗಡಿ ಮಾಡಿ ಹೋಟೆಲ್ಲಿನ ಮೇಜುಗಳನ್ನು ಹಾಗೆಯೇ ಬಿಟ್ಟರೆ ನೆರೆಯವರಿಗೆ ಸಿಟ್ಟು ಬರುವುದು ಈ ವ್ಯತ್ಯಾಸ ಅವರಿಗೂ ಒಳಗೊಳಗೇ ಗೊತ್ತಿರುವುದರಿಂದ.

## ಗೇಟಿನಿಂದ ಡಾಂಬರಿನವರೆಗೆ

ಯಾವುದೇ ಮನೆಯ ಗೋಡೆಯಿಂದ ರಸ್ತೆಯ ನಡುವಿನ ತನಕ ನಡೆದುಕೊಂಡು ಹೋದರೆ ಮೂರು ಪಟ್ಟಿಗಳನ್ನು ದಾಟುತ್ತೇವೆ.

ಮೊದಲ ಪಟ್ಟಿ ಕಾಂಪೌಂಡಿನ ಒಳಗಿನದು. ಕಟ್ಟಡ ಕಟ್ಟುವಾಗ ಗೋಡೆಗೂ ನಿವೇಶನದ ಗಡಿಗೂ ನಡುವೆ ಬಿಡಬೇಕಾದ ಈ ಜಾಗಕ್ಕೆ ಸೆಟ್‌ಬ್ಯಾಕ್ ಎನ್ನುತ್ತಾರೆ. ಇದು ಖಾಸಗಿ ಜಾಗವೇ ಹೌದು, ಆದರೆ ಗಾಳಿ ಬೆಳಕು ಆಡಲಿ, ಬೆಂಕಿ ಬಿದ್ದರೆ ಪಕ್ಕದ ಕಟ್ಟಡಕ್ಕೆ ಹಬ್ಬದಿರಲಿ ಎಂದು ತೆರವಾಗಿ ಬಿಡುವ ಷರತ್ತಿನ ಮೇಲೆ ಉಳಿದಿರುವ ಜಾಗ. ಅಲ್ಲಿ ನಾಲ್ಕು ಕುರ್ಚಿ ಹಾಕುವುದು ಬೇರೆ, ತಗಡು ಹೊದಿಸಿ ಒಲೆ ಹೂಡುವುದು ಬೇರೆ.

ಎರಡನೆಯ ಪಟ್ಟಿ ಗಟಾರ ಮತ್ತು ಅದರ ಮೇಲಿನ ಹಾಸುಗಲ್ಲು. ನಮ್ಮಲ್ಲಿ ಬಹಳಷ್ಟು ಮನೆಯವರು ಇದನ್ನು ತಮ್ಮದೆಂದೇ ತಿಳಿದಿರುತ್ತಾರೆ. ಕಲ್ಲು ಹಾಸಿದವರು ತಾವು, ಬೆಳಿಗ್ಗೆ ಅಲ್ಲಿ ನೀರು ಹೊಡೆದು ರಂಗೋಲಿ ಹಾಕುವವರು ತಾವು, ಹೀಗಾಗಿ ಆ ಭಾವನೆ ಸಹಜ. ಆದರೆ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯಲ್ಲಿ ಸಾರ್ವಜನಿಕ ಬೀದಿ ಎಂದರೆ ಡಾಂಬರು ಮಾತ್ರವಲ್ಲ. ಬೀದಿಗೆ ಸೇರಿದ ಕಾಲುದಾರಿ, ಚರಂಡಿ ಮತ್ತು ಅಕ್ಕಪಕ್ಕದ ಆಸ್ತಿಯ ಗಡಿಯವರೆಗಿನ ನೆಲವೆಲ್ಲವೂ ಅದರೊಳಗೆ ಬರುತ್ತವೆ. ಅಂದರೆ ಕಾಂಪೌಂಡು ಗೋಡೆಯ ಹೊರಮೈಯಿಂದಲೇ ಬೀದಿ ಶುರು. ನಾನು ಸ್ವತಃ ನಮ್ಮ ಗಟಾರದ ಮೇಲೆ ತುಳಸಿ ಕುಂಡ ಇಟ್ಟವನೇ ಆದ್ದರಿಂದ ಈ ಮಾತನ್ನು ತುಸು ಸಂಕೋಚದಿಂದಲೇ ಬರೆಯುತ್ತಿದ್ದೇನೆ.

ಮೂರನೆಯದು ಡಾಂಬರು. ಅದರ ಬಗ್ಗೆ ಯಾರಿಗೂ ಗೊಂದಲವಿಲ್ಲ, ಆದರೂ ಮೇಜು ಅಲ್ಲಿಗೂ ಬರುತ್ತದೆ.

ಎರಡನೆಯ ಮತ್ತು ಮೂರನೆಯ ಪಟ್ಟಿಯ ಮೇಲೆ ನಮ್ಮೆಲ್ಲರಿಗೂ ಇರುವುದು ಊರ ಕೆರೆಯ ನೀರಿನ ಮೇಲಿರುವಂಥ ಹಕ್ಕು. ಯಾರು ಬೇಕಾದರೂ ಬಂದು ಒಂದು ಕೊಡ ತುಂಬಿಕೊಂಡು ಹೋಗಬಹುದು. ಪೈಪು ಹಾಕಿ ಪಂಪು ಕೂರಿಸುವಂತಿಲ್ಲ. ಬೀದಿಯಲ್ಲಿ ನಡೆಯಬಹುದು, ನಿಂತು ಮಾತನಾಡಬಹುದು, ಆದರೆ ಪರವಾನಗಿ ಇಲ್ಲದೆ ದಿನವೂ ಅದರ ಒಂದು ತುಂಡನ್ನು ಹಿಡಿದು ದುಡಿಮೆಗೆ ಬಳಸುವಂತಿಲ್ಲ. ಬೀದಿಯಲ್ಲಿ ಅಡೆತಡೆಯಾಗುವಂತೆ ಕಟ್ಟಿದ್ದನ್ನು, ಇಟ್ಟಿದ್ದನ್ನು ತಡೆಯುವ ಅಧಿಕಾರ ಅದೇ ಕಾಯ್ದೆಯ 288ನೇ ಕಲಂ ಮತ್ತು ಅದಕ್ಕೆ ಹೊಂದಿದ ಕಲಂಗಳಲ್ಲಿ ಪಾಲಿಕೆಗಿದೆ. ನಿಯಮ ಮೀರಿ ಬೀದಿಯಲ್ಲಿ ಇಟ್ಟ ವಸ್ತುಗಳನ್ನು ಆಯುಕ್ತರು ನೋಟಿಸು ಕೊಡದೆಯೂ ತೆಗೆಸಬಹುದು.

ಇನ್ನು ಕಟ್ಟಡದ ಒಳಗಿನ ಹೋಟೆಲ್ಲಿನ ಮಾತು. ಅದು ಮನೆಗಳ ಓಣಿಯಲ್ಲಿ ಇರಬಹುದೇ ಎಂಬುದನ್ನು ಅವಳಿ ನಗರದ ಮಹಾಯೋಜನೆ ಮತ್ತು ಅದರ ವಲಯ ನಿಯಮಗಳು ತೀರ್ಮಾನಿಸುತ್ತವೆ. ಈ ಯೋಜನೆಯನ್ನು ಸಿದ್ಧಪಡಿಸುವುದು ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ. ವಸತಿ ವಲಯ ಎಂದ ಮಾತ್ರಕ್ಕೆ ಯಾವ ಅಂಗಡಿಯೂ ಇರಬಾರದು ಎಂದಲ್ಲ, ರಸ್ತೆಯ ಅಗಲ ಮತ್ತು ಅಂಗಡಿಯ ಗಾತ್ರಕ್ಕೆ ತಕ್ಕಂತೆ ಕೆಲವಕ್ಕೆ ಅವಕಾಶ ಇರುತ್ತದೆ. ಅದರ ಮೇಲೆ ಪಾಲಿಕೆಯ ವ್ಯಾಪಾರ ಪರವಾನಗಿ ಬೇಕು, ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಅಥವಾ ಲೈಸೆನ್ಸು ಬೇಕು, ಹೆಸ್ಕಾಂನಿಂದ ವಾಣಿಜ್ಯ ದರದ ವಿದ್ಯುತ್ ಸಂಪರ್ಕ ಬೇಕು. ಗಮನಿಸಬೇಕಾದ ಅಂಶವೆಂದರೆ ಈ ಕಾಗದಗಳೆಲ್ಲ ಸರಿಯಾಗಿದ್ದರೂ ಅವು ಗೋಡೆಯ ಒಳಗಿನ ಹೋಟೆಲ್ಲಿಗೆ ಸಂಬಂಧಿಸಿದವು. ಗೋಡೆಗೆ ತೂಗುಹಾಕಿದ ಪರವಾನಗಿಯನ್ನು ತೋರಿಸಿ ಡಾಂಬರಿನ ಮೇಲಿನ ಮೇಜನ್ನು ಸಮರ್ಥಿಸಲಾಗದು.

## ಸದ್ದಿನ ಲೆಕ್ಕ

ನೆರೆಯವರ ದೂರುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬರುವುದು ಮತ್ತು ಎಲ್ಲಕ್ಕಿಂತ ಹೆಚ್ಚು ತಪ್ಪಾಗಿ ಅರ್ಥವಾಗುವುದು ಸದ್ದು. ಹೋಟೆಲ್ಲಿನವರು "ಜನ ಮಾತಾಡೂದಕ್ಕೂ ಬ್ಯಾಡ ಅಂದ್ರ ಹ್ಯಾಂಗ್ರಿ?" ಎಂದು ಕೇಳುತ್ತಾರೆ. ಯಾರೂ ಕೂಗುತ್ತಿಲ್ಲ, ಯಾರೂ ಜಗಳವಾಡುತ್ತಿಲ್ಲ ಎಂಬುದು ನಿಜವೇ. ಹಾಗಿದ್ದೂ ಎದುರು ಮನೆಯ ಮೇಲಿನ ಕೋಣೆಯಲ್ಲಿ ನಿದ್ದೆ ಬರುವುದಿಲ್ಲ ಎಂಬುದೂ ನಿಜ. ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ ಎಂದು ತಿಳಿಯಲು ಡೆಸಿಬೆಲ್ ಎಂಬ ಅಳತೆಯನ್ನು ಒಮ್ಮೆ ಸರಿಯಾಗಿ ನೋಡಬೇಕು.

ಡೆಸಿಬೆಲ್ ಸದ್ದಿನ ಬಲವನ್ನು ಅಳೆಯುವ ಮಾನ, ಆದರೆ ಅದು ಕಿಲೋ, ಮೀಟರುಗಳ ಹಾಗೆ ಏರುವುದಿಲ್ಲ. ಅಂಕಿಯ ಮುಂದೆ ಸೊನ್ನೆ ಬರೆದಂತೆ ಏರುತ್ತದೆ. ಹತ್ತು ಡೆಸಿಬೆಲ್ ಹೆಚ್ಚಾದರೆ ಸದ್ದಿನ ಶಕ್ತಿ ಹತ್ತು ಪಟ್ಟು, ಇಪ್ಪತ್ತು ಹೆಚ್ಚಾದರೆ ನೂರು ಪಟ್ಟು. ನಮ್ಮ ಕಿವಿಗೆ ಹತ್ತು ಡೆಸಿಬೆಲ್ ಏರಿಕೆ ಹೆಚ್ಚುಕಡಿಮೆ ಇಮ್ಮಡಿ ಜೋರಾದಂತೆ ಕೇಳುತ್ತದೆ. ಒಂದೇ ಬಗೆಯ ಇನ್ನೊಂದು ಸದ್ದು ಜೊತೆಗೂಡಿದರೆ ಮೂರು ಡೆಸಿಬೆಲ್ ಸೇರುತ್ತದೆ; ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದರೆ ಆರು ಡೆಸಿಬೆಲ್ ಇಳಿಯುತ್ತದೆ. ಇಷ್ಟು ನೆನಪಿದ್ದರೆ ಲೆಕ್ಕವನ್ನು ಯಾರು ಬೇಕಾದರೂ ಕಾಗದದ ಮೇಲೆ ಮಾಡಬಹುದು.

ಒಬ್ಬ ಮನುಷ್ಯ ಸಾಮಾನ್ಯವಾಗಿ ಮಾತನಾಡಿದರೆ ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬೆಲ್. ಅದು ಎಂಟು ಮೀಟರ್ ದೂರದ ಎದುರು ಮನೆ ತಲುಪುವಾಗ ಒಂದರಿಂದ ಎರಡು, ಎರಡರಿಂದ ನಾಲ್ಕು, ನಾಲ್ಕರಿಂದ ಎಂಟು ಎಂದು ಮೂರು ಸಲ ದೂರ ಇಮ್ಮಡಿಯಾಗಿರುತ್ತದೆ, ಆದ್ದರಿಂದ 18 ಇಳಿದು 42 ಉಳಿಯುತ್ತದೆ. ಒಬ್ಬನ ಮಾತು ಯಾರನ್ನೂ ಕಾಡುವುದಿಲ್ಲ. ಆದರೆ ಹತ್ತು ಮೇಜುಗಳಲ್ಲಿ ನಲವತ್ತು ಮಂದಿ ಕೂತಿದ್ದು, ಒಂದು ಹೊತ್ತಿನಲ್ಲಿ ಹದಿನಾರು ಮಂದಿ ಮಾತನಾಡುತ್ತಿದ್ದಾರೆ ಎಂದುಕೊಳ್ಳೋಣ. ಎರಡು, ನಾಲ್ಕು, ಎಂಟು, ಹದಿನಾರು ಎಂದು ನಾಲ್ಕು ಸಲ ಇಮ್ಮಡಿ, ಅಂದರೆ 12 ಡೆಸಿಬೆಲ್ ಸೇರಿ 54 ಆಯಿತು. ಇಲ್ಲಿಗೆ ಮುಗಿಯುವುದಿಲ್ಲ. ಸುತ್ತ ಗದ್ದಲವಿದ್ದಾಗ ಮನುಷ್ಯ ತನಗೆ ಗೊತ್ತಿಲ್ಲದೆಯೇ ಧ್ವನಿ ಏರಿಸುತ್ತಾನೆ. ಇದನ್ನು 1911ರಲ್ಲಿ ವಿವರಿಸಿದ ಫ್ರೆಂಚ್ ವೈದ್ಯ ಎಟಿಯೆನ್ ಲೊಂಬಾರ್ ಅವರ ಹೆಸರಿನಿಂದಲೇ ಈ ಗುಣವನ್ನು ಕರೆಯುತ್ತಾರೆ. ಪಕ್ಕದ ಮೇಜಿನವರು ಏರಿಸಿದರೆಂದು ಈ ಮೇಜಿನವರು, ಇವರು ಏರಿಸಿದರೆಂದು ಅವರು. ಹೀಗೆ ಇನ್ನೊಂದು ಐದಾರು ಡೆಸಿಬೆಲ್ ಸೇರಿ ಲೆಕ್ಕ 60ರ ಹತ್ತಿರ ಬರುತ್ತದೆ. ನಮ್ಮ ಓಣಿಗಳು ಬಯಲೂ ಅಲ್ಲ. ಎರಡೂ ಬದಿ ಸಿಮೆಂಟಿನ ಗೋಡೆಗಳಿರುವ ಗಲ್ಲಿಯಲ್ಲಿ ಸದ್ದು ಚದುರದೆ ಗೋಡೆಯಿಂದ ಗೋಡೆಗೆ ತಾಗಿ ಮೇಲೇರುತ್ತದೆ. ಮೇಲಿನ ಅಂತಸ್ತಿನವರಿಗೆ ಕೆಳಗಿನ ಹರಟೆ ಅಕ್ಷರ ಅಕ್ಷರವಾಗಿ ಕೇಳುವುದು ಇದರಿಂದಲೇ. ನಮ್ಮ ಎದುರಿನ ಮೇಜಿನಲ್ಲಿ ಯಾರಿಗೆ ಯಾವ ಪರೀಕ್ಷೆಯಲ್ಲಿ ಎಷ್ಟು ಅಂಕ ಕಡಿಮೆಯಾಯಿತು ಎಂಬುದು ನನಗೆ ಬಾಯಿಪಾಠವಾಗಿದೆ.

ಈಗ ಕಾನೂನಿನ ಅಂಕಿ ನೋಡೋಣ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ಆಸ್ಪತ್ರೆ, ಶಾಲೆ ಕಾಲೇಜು, ನ್ಯಾಯಾಲಯಗಳ ಸುತ್ತ 100 ಮೀಟರ್ ಒಳಗಿನ ನಿಶ್ಶಬ್ದ ವಲಯದಲ್ಲಿ 50 ಮತ್ತು 40. ಈ ನಿಯಮಗಳಲ್ಲಿ ರಾತ್ರಿ ಎಂದರೆ ಹತ್ತು ಗಂಟೆಯಿಂದ ಬೆಳಗಿನ ಆರು ಗಂಟೆ. ಆದ್ದರಿಂದ ಒಂಬತ್ತು ಐವತ್ತೊಂಬತ್ತಕ್ಕೆ ಮಿತಿಯ ಆಸುಪಾಸಿನಲ್ಲಿದ್ದ ಅದೇ ಮೇಜು, ಅದೇ ಹರಟೆ, ಒಂದು ನಿಮಿಷ ಕಳೆದ ಮೇಲೆ ಮಿತಿಯನ್ನು ಹತ್ತು ಹದಿನೈದು ಡೆಸಿಬೆಲ್‌ಗಳಷ್ಟು ಮೀರಿರುತ್ತದೆ. ಹೋಟೆಲ್ಲಿನವರು ಏನನ್ನೂ ಬದಲಿಸಿರುವುದಿಲ್ಲ. ಬದಲಾದದ್ದು ಗಡಿಯಾರ. ಅಂಗಡಿ ಎಷ್ಟು ಹೊತ್ತಿನ ತನಕ ತೆರೆದಿರಬಹುದು ಎಂಬುದನ್ನು ಹೇಳುವ ಆದೇಶಗಳು ಬೇರೆ, ಸದ್ದಿನ ರಾತ್ರಿ ಬೇರೆ. ತಡರಾತ್ರಿ ತೆರೆದಿರಲು ಅನುಮತಿ ಇದ್ದರೂ ಹತ್ತರ ನಂತರದ 45 ಡೆಸಿಬೆಲ್ ಹಾಗೆಯೇ ಉಳಿಯುತ್ತದೆ.

ಧ್ವನಿವರ್ಧಕದ ನಿಯಮ ಇನ್ನೂ ಸರಳ. ಹತ್ತರಿಂದ ಆರರವರೆಗೆ ಸಭಾಂಗಣದಂಥ ಮುಚ್ಚಿದ ಜಾಗದೊಳಗೆ ಬಿಟ್ಟರೆ ಬೇರೆಲ್ಲೂ ಅದನ್ನು ಹಾಕುವಂತಿಲ್ಲ. ಬಯಲಿನಲ್ಲಿ ಕಂಬಕ್ಕೆ ಕಟ್ಟಿದ ಸ್ಪೀಕರ್ ಹತ್ತರ ಮೇಲೆ ನುಡಿದರೆ ಅಳೆಯುವ ಮಾತೇ ಬರುವುದಿಲ್ಲ. 2005ರ ಜುಲೈನಲ್ಲಿ ಶಬ್ದ ಮಾಲಿನ್ಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತನ್ನ ಮನೆಯಲ್ಲಿ ನೆಮ್ಮದಿಯಿಂದ ಇರುವ ಹಕ್ಕನ್ನು 21ನೇ ವಿಧಿಯ ಬದುಕಿನ ಹಕ್ಕಿನೊಡನೆ ಜೋಡಿಸಿ ನೋಡಿತು.

ಕೋಣೆಯ ಒಳಗಿನ ಲೆಕ್ಕವೂ ಇದೆ. ನೆಮ್ಮದಿಯ ನಿದ್ದೆಗೆ ಮಲಗುವ ಕೋಣೆಯೊಳಗಿನ ಸದ್ದು 30 ಡೆಸಿಬೆಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಹೇಳಿತ್ತು. ತೆರೆದ ಕಿಟಕಿ ಹೊರಗಿನ ಸದ್ದನ್ನು ಹತ್ತರಿಂದ ಹದಿನೈದು ಡೆಸಿಬೆಲ್ ಮಾತ್ರ ತಗ್ಗಿಸುತ್ತದೆ. ಹೊರಗೆ 58 ಇದ್ದರೆ ಒಳಗೆ ನಲವತ್ತರ ಮೇಲೆಯೇ. ಕಿಟಕಿ ಮುಚ್ಚಬಹುದಲ್ಲ ಎಂದರೆ, ಏಪ್ರಿಲ್ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಕಿಟಕಿ ಮುಚ್ಚಿ ಮಲಗಿ ನೋಡಬೇಕು.

ಇನ್ನೊಂದು ಸೂಕ್ಷ್ಮವಿದೆ. ನಿಯಮದ ಅಂಕಿಗಳು ಸರಾಸರಿಗಳು. ನಿದ್ದೆ ಕೆಡಿಸುವುದು ಸರಾಸರಿಯಲ್ಲ, ಒಮ್ಮೆಲೇ ಏಳುವ ಸದ್ದು. ಹನ್ನೊಂದೂವರೆಗೆ ಕುರ್ಚಿ ಎಳೆದಾಗಿನ ಕಿರ್ ಎನ್ನುವ ಸದ್ದು, ತಾಟುಗಳನ್ನು ಬುಟ್ಟಿಗೆ ಸುರಿಯುವ ಸದ್ದು, ಹೊರಡುವ ಮೊದಲು ಯಾರೋ ಬುಲೆಟ್ ಬೈಕಿನ ಎಕ್ಸಲೇಟರ್ ತಿರುವುವ ಸದ್ದು. ಇವು ಸರಾಸರಿಯಲ್ಲಿ ಕರಗಿಹೋಗುತ್ತವೆ, ತೊಟ್ಟಿಲ ಕೂಸು ಮಾತ್ರ ಎದ್ದು ಕೂರುತ್ತದೆ. ಮೊಬೈಲಿನ ಸದ್ದು ಅಳೆಯುವ ಆ್ಯಪ್ ಹತ್ತರ ಮುಂಚಿನ ಮತ್ತು ನಂತರದ ಸದ್ದನ್ನು ಹೋಲಿಸಿಕೊಳ್ಳಲು ಸಾಕು. ಅಧಿಕೃತ ಅಳತೆಗೆ ಪರೀಕ್ಷೆ ಮಾಡಿಸಿದ ಉಪಕರಣವೇ ಬೇಕು.

## ಹೊಗೆ, ಘಾಟು, ಜಿಡ್ಡು

ಸದ್ದು ಕಿಟಕಿ ಮುಚ್ಚಿದರೆ ತುಸು ತಗ್ಗುತ್ತದೆ, ಘಾಟು ತಗ್ಗುವುದಿಲ್ಲ. ಮೆಣಸಿನಕಾಯಿ ಕಾದ ಎಣ್ಣೆಗೆ ಬಿದ್ದಾಗ ಅದರ ಖಾರದ ಅಂಶ ಸಣ್ಣ ಹನಿಗಳಾಗಿ ಗಾಳಿಗೆ ಸೇರುತ್ತದೆ. ದಮ್ಮಿನ ತೊಂದರೆ ಇರುವವರಿಗೆ ಅಷ್ಟೇ ಸಾಕು. ಇದ್ದಿಲಿನ ತಂದೂರಿ ಒಲೆ ಇದ್ದರೆ ಸೂಕ್ಷ್ಮ ಕಣಗಳೂ ಕಾರ್ಬನ್ ಮಾನಾಕ್ಸೈಡೂ ಸೇರುತ್ತವೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಅಲ್ಲಾಡದೆ ನಿಲ್ಲುವುದರಿಂದ ಹೊಗೆ ಮೇಲೇರದೆ ಓಣಿಯಲ್ಲೇ ಹಾಸಿಕೊಳ್ಳುತ್ತದೆ. ಅಡುಗೆ ಒಳಗಿದ್ದು ಹೊಗೆಕೊಳವೆ ಅಕ್ಕಪಕ್ಕದ ತಾರಸಿಗಿಂತ ಎತ್ತರಕ್ಕೆ ಹೋಗಿದ್ದರೆ ತೊಂದರೆ ಬಹಳ ಕಡಿಮೆ. ಕೊಳವೆಯ ಬಾಯಿ ಪಕ್ಕದ ಮನೆಯ ಕಿಟಕಿಯ ಮಟ್ಟದಲ್ಲಿದ್ದರೆ ಎಷ್ಟು ದುಬಾರಿ ಫ್ಯಾನ್ ಹಾಕಿದರೂ ಅದು ಹೊಗೆಯನ್ನು ಇನ್ನಷ್ಟು ಜೋರಾಗಿ ಆ ಕಿಟಕಿಗೇ ತಳ್ಳುತ್ತದೆ.

ಗಟಾರಕ್ಕೆ ಸುರಿದ ಮುಸುರೆ ನೀರಿನ ಜಿಡ್ಡು ಒಳಗೆ ಹೆಪ್ಪುಗಟ್ಟಿ ಮೊದಲ ಮಳೆಗೆ ನೀರನ್ನು ಹಿಂದಕ್ಕೆ ತಳ್ಳುತ್ತದೆ. ನೀರು ಹೊರಬೀಳುವ ಮೊದಲು ಜಿಡ್ಡನ್ನು ಹಿಡಿದಿಡುವ ಒಂದು ಸಣ್ಣ ತೊಟ್ಟಿ ಇದಕ್ಕೆ ಪರಿಹಾರ. ಬೀದಿಯಲ್ಲಿ ಉಳಿದ ಎಂಜಲು ನಾಯಿ ಮತ್ತು ಇಲಿಗಳನ್ನು ಕರೆಯುತ್ತದೆ. ಸಿಲಿಂಡರಿನ ಮಾತನ್ನೂ ಇಲ್ಲೇ ಹೇಳಬೇಕು: ಹೋಟೆಲ್ಲಿಗೆ ಬಳಸಬೇಕಾದ್ದು 19 ಕಿಲೋದ ವಾಣಿಜ್ಯ ಸಿಲಿಂಡರ್, ಮನೆಬಳಕೆಯ 14.2 ಕಿಲೋದ್ದನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಯಾವುದೇ ಸಿಲಿಂಡರಾದರೂ ಬೈಕುಗಳ ಸಾಲಿನ ಪಕ್ಕದಲ್ಲಿ ಇಡುವ ವಸ್ತುವಲ್ಲ.

## ದಾರಿ ಎಷ್ಟು ಉಳಿಯುತ್ತದೆ

ಮೇಜುಗಳಿಗಿಂತ ಹೆಚ್ಚು ಜಾಗ ನುಂಗುವುದು ಅವುಗಳಿಗೆ ಬರುವವರ ವಾಹನ. ನಲವತ್ತು ಗಿರಾಕಿಗಳು ಬೈಕಿಗೆ ಇಬ್ಬರಂತೆ ಬಂದರೂ ಇಪ್ಪತ್ತು ಬೈಕು. ಒತ್ತೊತ್ತಾಗಿ ನಿಲ್ಲಿಸಿದರೂ ಒಂದಕ್ಕೆ ಸುಮಾರು 80 ಸೆಂಟಿಮೀಟರ್ ಅಗಲ ಬೇಕು, ಒಟ್ಟು 16 ಮೀಟರ್. ನಮ್ಮ ಕಡೆಯ ಸಾಮಾನ್ಯ ಮೂವತ್ತು-ನಲವತ್ತರ ನಿವೇಶನದ ಮುಂಭಾಗ 30 ಅಡಿ, ಅಂದರೆ 9 ಮೀಟರ್. ಹೋಟೆಲ್ಲಿನ ಮುಂದೆ ಮೇಜುಗಳಿರುವುದರಿಂದ ಈ ಇಪ್ಪತ್ತು ಬೈಕುಗಳು ಹೆಚ್ಚುಕಡಿಮೆ ಎರಡು ಪಕ್ಕದ ಮನೆಗಳ ಮುಂಭಾಗವನ್ನು ಪೂರ್ತಿ ತುಂಬುತ್ತವೆ. ಒಂದು ಬದಿ ಎರಡು ಮೀಟರ್ ಮೇಜು, ಅದರಾಚೆ ಎರಡು ಮೀಟರ್ ಬೈಕು, ಎದುರು ಬದಿಯಲ್ಲೂ ಎರಡು ಮೀಟರ್ ಬೈಕು ಎಂದರೆ ಮೂವತ್ತು ಅಡಿಯ ರಸ್ತೆಯಲ್ಲಿ ಉಳಿಯುವುದು ಮೂರು ಮೀಟರ್. ಅಗ್ನಿಶಾಮಕ ವಾಹನದ ಅಗಲವೇ ಎರಡೂವರೆ ಮೀಟರಿನಷ್ಟು.

ನಡೆಯುವವರಿಗೆ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲ ಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪಾದಚಾರಿ ಮಾರ್ಗಸೂಚಿ ಹೇಳುತ್ತದೆ. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ದಾಟಲು ಬೇಕಾಗುವ ಅಗಲ ಅದು. ನಮ್ಮ ಓಣಿಗಳಲ್ಲಿ ಫುಟ್‌ಪಾತೇ ಅಪರೂಪವಾದ್ದರಿಂದ ಪರ್ಸಿಕಲ್ಲಿನ ಮೇಲೆ ಕುರ್ಚಿ ಬಂದರೆ ಮುದುಕರು ಮತ್ತು ಮಕ್ಕಳು ವಾಹನಗಳ ನಡುವೆಯೇ ನಡೆಯಬೇಕಾಗುತ್ತದೆ.

## ಹೋಟೆಲ್ಲಿನ ಕಡೆಯ ಲೆಕ್ಕ

ಹೊರಗಿನ ಮೇಜು ಯಾಕೆ ಬೇಕು ಎಂಬುದಕ್ಕೆ ಉತ್ತರ ಬಾಡಿಗೆಯಲ್ಲಿದೆ. ಮನೆಯ ಕೆಳಗಿನ ಅಂತಸ್ತಿನ ಒಂದು ಹಾಲ್‌ನಲ್ಲಿ ಅಡುಗೆಗೆ ಅರ್ಧ ಹೋದರೆ ನಾಲ್ಕು ಮೇಜು ಹಿಡಿಸಬಹುದು. ಭಟ್ಟರ ಸಂಬಳ, ಬಾಡಿಗೆ, ಗ್ಯಾಸು ನಾಲ್ಕು ಮೇಜಿಗೂ ಹತ್ತು ಮೇಜಿಗೂ ಬಹುತೇಕ ಒಂದೇ. ಹೊರಗಿನ ಆರು ಮೇಜುಗಳಿಗೆ ಬಾಡಿಗೆ ಇಲ್ಲದ ಕಾರಣ ಅಂಗಡಿಯ ಲಾಭ ಇರುವುದೇ ಅಲ್ಲಿ. ಗಿರಾಕಿಗೂ ಸಂಜೆಯ ಗಾಳಿ ಬೇಕು, ಎಣ್ಣೆಯ ಹೊಗೆ ತುಂಬಿದ ಒಳಕೋಣೆ ಬೇಡ.

ನೆರೆಯವರೆಲ್ಲ ಒಂದೇ ಪಕ್ಷದವರೂ ಅಲ್ಲ. ಸಪ್ತಾಪುರದಂಥ ಕಡೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಅದೇ ಓಣಿಯ ಕೋಣೆಗಳಲ್ಲಿರುತ್ತಾರೆ. ರಾತ್ರಿ ಹತ್ತಕ್ಕೆ ಅವರಿಗೆ ಕಡಿಮೆ ಬೆಲೆಗೆ ರೊಟ್ಟಿ ಪಲ್ಯ ಸಿಗುವುದು ಅಲ್ಲೇ, ಹನ್ನೊಂದಕ್ಕೆ ಓದಲು ಶಾಂತಿ ಬೇಕಾಗುವುದೂ ಅಲ್ಲೇ. ದೀಪ ಉರಿಯುವ, ನಾಲ್ಕು ಜನ ಓಡಾಡುವ ಓಣಿ ತಡವಾಗಿ ಒಬ್ಬರೇ ಮನೆಗೆ ಬರುವ ಹೆಣ್ಣುಮಕ್ಕಳಿಗೆ ಧೈರ್ಯವೂ ಹೌದು. ಮೇಲಿನ ಅಂತಸ್ತಿನಲ್ಲಿರುವ ಮನೆಯ ಮಾಲೀಕರಿಗೆ ಬಾಡಿಗೆ ಬರುತ್ತದೆ, ಅವರಿಗೂ ನಿದ್ದೆ ಇಲ್ಲ. ಆದರೆ ಅವರು ದೂರು ಕೊಡುವುದಿಲ್ಲ.

## ಬೇರೆ ಊರುಗಳು ಏನು ಮಾಡಿದವು

ಕೋವಿಡ್ ಕಾಲದಲ್ಲಿ ಒಳಗೆ ಕೂರಿಸುವುದು ಅಪಾಯವಾದಾಗ ಜಗತ್ತಿನ ಹಲವು ನಗರಗಳು ಬೀದಿಯನ್ನು ಹೋಟೆಲ್‌ಗಳಿಗೆ ತೆರೆದವು. ನ್ಯೂಯಾರ್ಕ್ 2020ರ ಜೂನ್‌ನಲ್ಲಿ ತುರ್ತು ಅನುಮತಿ ಕೊಟ್ಟಿತು, ಸಾವಿರಾರು ಹೋಟೆಲ್‌ಗಳು ವಾಹನ ನಿಲುಗಡೆಯ ಜಾಗದಲ್ಲಿ ಮರದ ಮಂಟಪಗಳನ್ನೇ ಕಟ್ಟಿಕೊಂಡವು. ಅಲ್ಲಿನ ನಿವಾಸಿಗಳು ಸದ್ದು, ಇಲಿ, ಕಸದ ದೂರು ಹೊತ್ತು ನ್ಯಾಯಾಲಯಕ್ಕೂ ಹೋದರು. 2023ರಲ್ಲಿ ಬಂದ ಶಾಶ್ವತ ಕಾನೂನು ಫುಟ್‌ಪಾತ್ ಮೇಲಿನ ಮೇಜಿಗೆ ವರ್ಷವಿಡೀ ಅವಕಾಶ ಕೊಟ್ಟು, ರಸ್ತೆಯ ಮೇಲಿನದಕ್ಕೆ ಏಪ್ರಿಲ್‌ನಿಂದ ನವೆಂಬರ್ ಅಂತ್ಯದವರೆಗೆ ಮಾತ್ರ ಅವಕಾಶ ಉಳಿಸಿತು. ಪ್ಯಾರಿಸ್ 2021ರಲ್ಲಿ ಮಾಡಿದ ನಿಯಮದಲ್ಲಿ ಬೇಸಿಗೆಯ ಹೆಚ್ಚುವರಿ ಮೇಜುಗಳು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ, ರಾತ್ರಿ ಹತ್ತರ ತನಕ ಮಾತ್ರ. ಅಲ್ಲಿ ಸಂಗೀತ ನುಡಿಸುವಂತಿಲ್ಲ. ಎರಡೂ ಕಡೆ ಬೀದಿಯನ್ನು ಬಳಸುವವನು ಅರ್ಜಿ ಹಾಕಿ ಶುಲ್ಕ ಕಟ್ಟಬೇಕು. ನಮ್ಮಲ್ಲಿ ಆಗುವುದು ಇದರ ಉಲ್ಟಾ: ಅನುಮತಿಯೂ ಇಲ್ಲ, ಶುಲ್ಕವೂ ಇಲ್ಲ, ಹಾಗಾಗಿ ಇಷ್ಟು ಮೇಜು, ಇಷ್ಟು ಹೊತ್ತು ಎಂಬ ಷರತ್ತು ಹಾಕಲು ಜಾಗವೇ ಇಲ್ಲ.

## ದೂರು ಯಾರಿಗೆ, ಯಾವುದಕ್ಕೆ

ಎಲ್ಲ ತೊಂದರೆಗಳನ್ನು ಒಂದೇ ಅರ್ಜಿಯಲ್ಲಿ ಬರೆದು ಒಂದೇ ಕಚೇರಿಗೆ ಕೊಟ್ಟರೆ ಅದು ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಬೀದಿ ಅತಿಕ್ರಮಣ, ಕಸ, ಗಟಾರ ಮತ್ತು ವ್ಯಾಪಾರ ಪರವಾನಗಿ ಇವು ಪಾಲಿಕೆಯ ವಲಯ ಕಚೇರಿಯ ವಿಷಯ. ಪರವಾನಗಿ ಇದೆಯೇ, ಯಾವ ಉದ್ದೇಶಕ್ಕೆ, ಎಷ್ಟು ಜಾಗಕ್ಕೆ ಎಂಬುದನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿದರೆ 30 ದಿನಗಳಲ್ಲಿ ಉತ್ತರ ಕೊಡಬೇಕು. ಜಗಳಕ್ಕೆ ಮೊದಲು ಈ ಒಂದು ಕಾಗದ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ. ಸದ್ದು ನಡೆಯುತ್ತಿರುವಾಗಲೇ ಆದರೆ 112. ಶಬ್ದ ನಿಯಮಗಳ ಅಡಿ ಕ್ರಮ ಕೈಗೊಳ್ಳಬಲ್ಲವರು ಜಿಲ್ಲಾಧಿಕಾರಿ, ಪೊಲೀಸ್ ಆಯುಕ್ತರು ಅಥವಾ ಇದಕ್ಕೆಂದು ನೇಮಿಸಿದ, ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ. ಮಿತಿಗಿಂತ ಹತ್ತು ಡೆಸಿಬೆಲ್ ಅಥವಾ ಹೆಚ್ಚು ಇದ್ದರೆ, ಇಲ್ಲವೇ ರಾತ್ರಿಯ ನಿರ್ಬಂಧ ಮುರಿದಿದ್ದರೆ ಯಾರೇ ಆದರೂ ದೂರು ಕೊಡಬಹುದು. ಹೊಗೆಯ ಮಾತಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಧಾರವಾಡದ ಪ್ರಾದೇಶಿಕ ಕಚೇರಿ ಇದೆ.

ಇದಕ್ಕೂ ಮೇಲಿನ ಹಂತದಲ್ಲಿ ಉಪದ್ರವ ಎಂಬ ಪದ ಬರುತ್ತದೆ. ಇಡೀ ಓಣಿಯ ಓಡಾಟಕ್ಕೆ ಅಡ್ಡಿಯಾದರೆ ಅದು ಸಾರ್ವಜನಿಕ ಉಪದ್ರವ. ನಿಮ್ಮೊಬ್ಬರ ಕಿಟಕಿಗೇ ಹೊಗೆ ಬಂದರೆ ಖಾಸಗಿ ಉಪದ್ರವ. ಮೊದಲನೆಯದಕ್ಕೆ 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಪ್ರಕಾರ ಜಿಲ್ಲಾ ಅಥವಾ ಉಪವಿಭಾಗ ದಂಡಾಧಿಕಾರಿ ತೆರವಿಗೆ ಆದೇಶಿಸಬಹುದು. ಹಳೆಯ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಇದೇ 133ನೇ ಕಲಂ ಆಗಿತ್ತು. ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮಿನಲ್ಲಿ 5,000 ರೂಪಾಯಿವರೆಗೆ ದಂಡವಿದೆ. ಎರಡನೆಯದಕ್ಕೆ ಸಿವಿಲ್ ನ್ಯಾಯಾಲಯದ ತಡೆಯಾಜ್ಞೆಯೇ ದಾರಿ, ಅದು ದೀರ್ಘವಾದ ದಾರಿ.

ನಮ್ಮ ಓಣಿಯಲ್ಲಿ ಇದ್ಯಾವುದೂ ಇನ್ನೂ ಆಗಿಲ್ಲ. ಕಳೆದ ತಿಂಗಳು ಎದುರು ಮನೆಯ ಅಜ್ಜಿಯೊಬ್ಬರು ಮೇಜಿನ ಹತ್ತಿರ ಹೋಗಿ, "ತಮ್ಮಾ, ಊಟ ಮಾಡಸ್ಪಾ, ಬ್ಯಾಡ ಅನ್ನಂಗಿಲ್ಲ. ಆ ಕುರ್ಚಿ ಎಳಿಬ್ಯಾಡ, ಎತ್ತಿಕೊಂಡು ಹೋಗು" ಎಂದು ಹೇಳಿ ಬಂದರು. ಈಗ ಡಾಂಬರಿನ ಮೇಲಿನ ಮೇಜುಗಳನ್ನು ಹತ್ತಕ್ಕೆ ಹತ್ತು ನಿಮಿಷ ಇರುವಾಗ ಎತ್ತಿ ಒಳಗಿಡುತ್ತಾರೆ. ಪರ್ಸಿಕಲ್ಲಿನ ಮೇಲಿನ ನಾಲ್ಕು ಕುರ್ಚಿಗಳು ಮಾತ್ರ ಹನ್ನೊಂದರ ತನಕ ಅಲ್ಲೇ ಇರುತ್ತವೆ. ಅವುಗಳ ಕಾಲಿಗೆ ಹುಡುಗ ಹಳೆಯ ಸೈಕಲ್ ಟ್ಯೂಬಿನ ತುಂಡುಗಳನ್ನು ಸುತ್ತಿದ್ದಾನೆ.